ಚನ್ನಮಲ್ಲಮ್ಮನ ಸೇರು

ರಾಯಚೂರಿನ ಆ ಹೆಣ್ಣುಮಕ್ಕಳ ಹಾಸ್ಟೆಲಿನ ಅಡಿಗೆಮನೆಗೆ ಹದಿನೆಂಟು ವರ್ಷದಿಂದ ಒಬ್ಬಳೇ ಮಹಾರಾಣಿ. ಅವಳೇ ದೇವದುರ್ಗದ ಚನ್ನಮಲ್ಲಮ್ಮ! ಸೌಟೇ ರಾಜದಂಡ, ಒಲೆಯೇ ಸಿಂಹಾಸನ. ಕೂತರೆ ಸುಡುತ್ತದೆ, ಅದು ಬೇರೆ ಮಾತು.

ಅಂಥ ಮಹಾರಾಣಿಗೂ ಒಂದು ದಿನ ಕುತ್ತು ಬಂತು. ಅಡಿಗೆಯನ್ನು ಮಾನ್ವಿಯ ಗುತ್ತಿಗೆದಾರನೊಬ್ಬನಿಗೆ ವಹಿಸಬೇಕೋ ಬೇಡವೋ ಎಂದು ನೋಡಲು ಕಾಲೇಜು ಕಮಿಟಿಯ ಮಹಾಂತಯ್ಯನವರು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಹುಡುಗಿಯರ ಅಭಿಪ್ರಾಯ ಬರೆಸಿಡಿ ಎಂದು ಹೇಳಿ ಕಳಿಸಿದ್ದರು.

“ಹುಡುಗ್ಯಾರ ಕೈಕಾಲು ಹಿಡ್ದು ಬರಸ್ರಿ ಅಕ್ಕಾ,” ಎಂದಳು ಜೊತೆಯಲ್ಲಿ ರೊಟ್ಟಿ ತಟ್ಟುವ ಖತೀಜಾ ಬೀ.

“ನಾನಾ? ನಿನ್ನೆ ಮೊನ್ನೆ ಬಂದ ಪೋರಿಗಳ ಮುಂದ ಕೈ ಚಾಚೋದಾ? ನನ್ನ ಹೊಗಳಿಕಿ ನಾನ ಬರ್ಕೋತೀನಿ! ನನ್ನಷ್ಟು ನನ್ನ ಯಾರು ಬಲ್ಲರು?”

ಊಟದ ಪಟ್ಟಿ ಬರೆಯಲೆಂದು ಅಡಿಗೆಮನೆಯಲ್ಲೂ ಒಂದು ಹಳೆಯ ಕಂಪ್ಯೂಟರಿತ್ತು. ಹೋದ ತಿಂಗಳು ಶಕ್ತಿನಗರದ ಇಂಜಿನಿಯರ್ ಬಸವಪ್ರಸಾದ ಬಂದು ಹಾಸ್ಟೆಲಿನ ಕಂಪ್ಯೂಟರುಗಳನ್ನೆಲ್ಲ ಒಂದೇ ಜಾಲಕ್ಕೆ ಪೋಣಿಸಿ ಹೋಗಿದ್ದ. ಚನ್ನಮಲ್ಲಮ್ಮನಿಗೆ ಅನುಕೂಲವಾಗಲೆಂದು, ಬರೆದದ್ದನ್ನು ಹಾಕಿಡಲು ಪರದೆಯ ಮೇಲೆ ಎರಡು ಡಬ್ಬಿ ಮಾಡಿ ಕನ್ನಡದಲ್ಲೇ ಹೆಸರಿಟ್ಟಿದ್ದ. ಒಂದು ‘ಸ್ವಂತ’, ಇನ್ನೊಂದು ‘ಶೇರ್’.

“ಸೇರು ಅಂತ ಬರಿಯಾಕ ಬರಲ್ಲ, ಇವನೆಂಥಾ ಇಂಜಿನಿಯರ್!” ಎಂದು ಅವಳು ಅಂದೇ ನಕ್ಕಿದ್ದಳು. ಜೋಳ ಅಳೆಯುವ ಸೇರು ಅಡಿಗೆಯವಳದಲ್ಲದೆ ಮತ್ತಾರದು? ‘ಸ್ವಂತ’ ಎಂಬುದು ಬಸವಪ್ರಸಾದನ ಸ್ವಂತದ್ದೇ ಇರಬೇಕು. ಮಂದಿಯ ಡಬ್ಬಿಗೆ ಕೈ ಹಾಕುವವಳಲ್ಲ ಚನ್ನಮಲ್ಲಮ್ಮ!

“ನಮ್ಮ ಮಾತಿನಾಗ ಶೇರ್ ಅಂದ್ರ ಹುಲಿ ಅಕ್ಕಾ. ಹುಲಿ ಬಾಯಾಗ ಕೈ ಇಡಬ್ಯಾಡ್ರಿ,” ಎಂದಳು ಖತೀಜಾ ಬೀ.

“ಸುಮ್ನಿರ ಬೇ! ಹುಲಿನೂ ಅಲ್ಲ, ಇಲಿನೂ ಅಲ್ಲ. ಸೇರು!”

ಒಂದೊಂದೇ ಅಕ್ಷರ ಕುಟ್ಟಿ ಪತ್ರ ಮುಗಿಸಲು ಎರಡು ತಾಸು ಹಿಡಿಯಿತು. ‘ಚನ್ನಮಲ್ಲಮ್ಮನವರ ಸಾರು ಅಮೃತ. ರೊಟ್ಟಿ ಹುಣ್ಣಿಮೆ ಚಂದ್ರ. ಮಾತು ಜೇನು. ಇಂತಿ, ಎಲ್ಲ ಹುಡುಗಿಯರು.’ ಅದನ್ನು ಸೇರಿನೊಳಗೆ ಸುರಿದು, ಎದೆಯುಬ್ಬಿಸಿ ಒಲೆಯ ಮುಂದೆ ಹೋಗಿ ಕೂತಳು.

ಮಧ್ಯಾಹ್ನ ಮೇಲಿನ ಒಂದು ಕೋಣೆಯಲ್ಲಿ ನಗು ಎದ್ದಿತು. ಆಮೇಲೆ ಪಕ್ಕದ ಕೋಣೆ. ಆಮೇಲೆ ಇಡೀ ಅಂತಸ್ತು!

“ಪರೀಕ್ಷಿ ಹತ್ರ ಬಂದ್ರ ಹುಡುಗ್ಯಾರಿಗೆ ಹಿಂಗ ಆಗ್ತದ, ಪಾಪ,” ಎಂದು ಚನ್ನಮಲ್ಲಮ್ಮ ಮರುಗಿದಳು.

ನಾಲ್ಕಕ್ಕೆ ಮಹಾಂತಯ್ಯನವರು ಬಂದರು. ಏಳನೇ ಕೋಣೆಯ ಕಾವ್ಯಾ ಪತ್ರ ಅಚ್ಚು ಹಾಕುವ ಗುಂಡಿ ಒತ್ತಿದಳು. ಒಂದೇ ಪುಟದ ಪತ್ರ ನಾಲ್ಕು ಪುಟವಾಗಿ ಹೊರಬಂತು! ನಾದಿಟ್ಟ ಹಿಟ್ಟಿನಂತೆ ಯಂತ್ರದೊಳಗೆ ಉಬ್ಬಿತೇ?

ಮಹಾಂತಯ್ಯನವರು ಕನ್ನಡಕ ಏರಿಸಿ ಜೋರಾಗಿ ಓದಿದರು: “‘ಸಾರು ಅಮೃತ.’ ಕೆಳಗ ಬರದಾರ, ‘ಖರೆ. ಅಮೃತದಂಗ ಅದರಾಗಿನ ಬ್ಯಾಳಿನೂ ಯಾರೂ ಕಂಡಿಲ್ಲ. ಕಾವ್ಯಾ.’ ‘ರೊಟ್ಟಿ ಚಂದ್ರ.’ ‘ಹೌದು, ಕಪ್ಪು ಕಲೆ ಸೈತ ಅದಾವ. ನಿಗಾರ್.’ ‘ಮಾತು ಜೇನು.’ ‘ಕಚ್ಚೋ ಹುಳದ ಸಮೇತ. ಯಾಸ್ಮೀನ್.’”

ಚನ್ನಮಲ್ಲಮ್ಮ ಕಾವ್ಯಾಳನ್ನು ಬಾಗಿಲ ಮರೆಗೆ ಎಳೆದಳು. “ಯಾವಾಕಿ ಬೇ ನನ್ನ ಸೇರಿನಾಗ ಕೈ ಹಾಕಿದಾಕಿ?”

“ಯವ್ವಾ, ಅದು ಅಳತಿ ಸೇರಲ್ಲ. ಶೇರ್ ಅಂದ್ರ ಹಂಚ್ಕೊಳ್ಳೋದು! ಅದರಾಗ ಹಾಕಿದ್ದು ಎಲ್ಲಾ ಕೋಣಿಗೂ ಕಾಣ್ತದ. ಯಾರು ಬೇಕಾದ್ರೂ ತಿದ್ದಬಹುದು.”

ಅಯ್ಯೋ ಶಿವನೇ! ಆದರೂ ಬಗ್ಗಿದರೆ ಅವಳೇಕೆ ಚನ್ನಮಲ್ಲಮ್ಮ? ಸೊಂಟಕ್ಕೆ ಕೈಯಿಟ್ಟು ಮಹಾಂತಯ್ಯನವರ ಎದುರು ನಿಂತಳು.

“ಸಾರಿಗೆ ನೀರು ಹಾಕಿರಬೇಕು, ವಿಷ ಹಾಕಿಲ್ಲರೀ! ಕಳಸ್ತೀರೇನು? ಕಳಸ್ರಿ! ದೇವದುರ್ಗದಾಗ ಒಲಿ ಇಲ್ಲೇನು?”

“ನಿಲ್ರಿ ತಾಯಿ, ಕೊನೀ ಪುಟ ಅದ,” ಎಂದರು ಅವರು. “‘ಜ್ವರ ಬಂದ್ರ ಗಂಜಿ ಹಿಡ್ಕೊಂಡು ಮೂರನೇ ಅಂತಸ್ತಿಗೆ ಹತ್ತಿ ಬರ್ತಾರ. ಬೈತಾರ, ಆದ್ರ ಉಣ್ಣಿಸಿದ ಮ್ಯಾಲ. ನಮಗ ಇವರ ಬೇಕು.’ ನಲವತ್ತೆರಡು ಹೆಸರು ಅದಾವ್ರಿ.”

ಚನ್ನಮಲ್ಲಮ್ಮನ ಕೈ ಸೊಂಟದಿಂದ ತಾನಾಗಿಯೇ ಇಳಿಯಿತು.

“ಗುತ್ತಿಗಿ ಬ್ಯಾಡ, ನೀವ ಇರ್ರಿ,” ಎಂದು ಮಹಾಂತಯ್ಯನವರು ಪತ್ರ ಮಡಚಿದರು. “ಇಷ್ಟು ಬೈದಾರಂತನ ಇದು ಹುಡುಗ್ಯಾರ ಪತ್ರ ಅಂತ ನಂಬಿದೆ. ಬರೇ ಹೊಗಳಿಕಿ ಇದ್ದಿದ್ರ, ನೀವ ಕುಂತು ಬರ್ಕೊಂಡೀರಿ ಅಂತ ಹರದು ಒಗೀತಿದ್ದೆ!”

ಬಾಗಿಲಲ್ಲಿ ಗುಂಪುಗೂಡಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ತುರುಕಿಕೊಂಡರು. ಚನ್ನಮಲ್ಲಮ್ಮ ನೆಲ ನೋಡುತ್ತ ಹೇಳಿದಳು:

“ಛೇ ಛೇ, ಅಂಥಾ ನಾಚಿಕಿಗೇಡಿ ಕೆಲಸ ಯಾವಾಕಿ ಮಾಡ್ತಾಳ್ರೀ!... ಕಾವ್ಯಾ, ರಾತ್ರಿ ಸಾರಿಗೆ ಎಷ್ಟು ಬ್ಯಾಳಿ ಹಾಕ್ಲಿ, ಹೇಳವ್ವಾ.”