ಕ್ಯಾಸೆಟ್ಟಿನೊಳಗಿದ್ದ ಅಪ್ಪ

ಗುಮಾಸ್ತನಿಗೆ ತಂಗಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಅಣ್ಣಾ, ಸಾಯಂಕಾಲ ಬರ್ತೀನಿ. ಯಾಕೋ ಅಪ್ಪನ ದನಿ ಕೇಳ್ಬೇಕು ಅನ್ನಿಸ್ತಿದೆ. ಆ ಕ್ಯಾಸೆಟ್ ತೆಗೆದಿಟ್ಟಿರು."

ಅಪ್ಪ ತೀರಿಕೊಂಡು ಆರು ವರ್ಷ. ಅವರ ದನಿ ಉಳಿದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ. ಗುಮಾಸ್ತ ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದ. ಅದು ಉಸಿರೆತ್ತಲಿಲ್ಲ.

"ಕೆಟ್ಟಿದ್ದು ಕೆಟ್ಟಿರ್ಲಿ ಬಿಡೋ," ಎಂದರು ಅಮ್ಮ.

ಅವನು ಕೇಳಲಿಲ್ಲ. ಕಚೇರಿಗೆ ರಜೆ ಹಾಕಿ, ರೆಕಾರ್ಡರನ್ನು ಕೂಸಿನಂತೆ ಎತ್ತಿಕೊಂಡು ಸೈಕಲ್ ಅಂಗಡಿಯ ನೆಲಮಾಳಿಗೆಗೆ ಇಳಿದ.

ಅಲ್ಲಿ ಬೋರ್ಡಿಲ್ಲ, ಬೀಗವೂ ಇಲ್ಲ. ರಿಪೇರಿಯ ಹುಚ್ಚು ಹತ್ತಿದವರು ಬಿಡುವಾದಾಗ ಸೇರಿ, ಊರು ಎಸೆದದ್ದಕ್ಕೆಲ್ಲ ಜೀವ ಕೊಡುವ ಜಾಗ. ಹಳೇ ರೇಡಿಯೋ ಮೆಕ್ಯಾನಿಕ್, ಗಣಿತದ ಮೇಡಂ, ವೆಲ್ಡರ್ ಮೂವರೂ ಸಕ್ಕರೆ ಕಂಡ ಇರುವೆಗಳಂತೆ ಮುತ್ತಿದರು.

"ಬೆಲ್ಟ್ ಹೋಗಿದೆ," ಎಂದ ಮೆಕ್ಯಾನಿಕ್.

"ಅಲ್ರೀ, ಮೋಟರ್ರು," ಎಂದರು ಮೇಡಂ.

ಮಧ್ಯಾಹ್ನದ ಹೊತ್ತಿಗೆ ಮೇಜಿನ ತುಂಬ ಬಿಡಿಭಾಗ. ಕೊನೆಗೆ ವೆಲ್ಡರ್, "ಒಂದು ವೈರ್ ಕಿತ್ತಿದೆ, ಅಷ್ಟೇ," ಎಂದು ಬೆಸುಗೆ ಹಾಕಿದ. ಎಲ್ಲ ಜೋಡಿಸಿದ ಮೇಲೂ ನಾಲ್ಕು ಸ್ಕ್ರೂ ಮಿಕ್ಕವು. ಆದರೂ ಚಕ್ರ ತಿರುಗಿತು! ಗುಮಾಸ್ತ ಹಿಗ್ಗಿನಿಂದ ಎಲ್ಲರಿಗೂ ಚಹಾ ತರಲು ಓಡಿದ.

ಮರಳಿ ಬಂದಾಗ ಮೂವರೂ ರಿಪೇರಿಯ ಹಿರಿಮೆ ಯಾರದ್ದೆಂದು ಕಿತ್ತಾಡುತ್ತಿದ್ದರು. ಮೆಕ್ಯಾನಿಕ್ ಪರೀಕ್ಷೆಗೆಂದು ಒತ್ತಿದ್ದ, ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿದಂತೆಯೇ ಇತ್ತು. ಅರ್ಧ ಗಂಟೆಯ ಜಗಳವನ್ನು ಕ್ಯಾಸೆಟ್ ಚಾಚೂ ತಪ್ಪದೆ ತುಂಬಿಕೊಂಡಿತ್ತು.

"ಅಯ್ಯೋ, ಒಳಗೆ ನಮ್ಮಪ್ಪ ಇದ್ರಲ್ರೀ!"

ಚಹಾ ನೆಲದ ಪಾಲಾಯಿತು. ಅವನು ಮೆಟ್ಟಿಲ ಮೇಲೆ ಕುಸಿದ. ಆಮೇಲೆ ವೆಲ್ಡರ್ ಮೆಲ್ಲಗೆ ಕೇಳಿದ, "ನಿಮ್ಮಪ್ಪ ಏನು ಹೇಳ್ತಿದ್ರು ಸಾರ್?"

"'ಊಟ ಆಯ್ತೇನ್ರೋ ಮಕ್ಳಾ' ಅಂತ... ದಪ್ಪ ದನಿ."

ವೆಲ್ಡರ್ ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ಕೂತ.

ಸಾಯಂಕಾಲ ತಂಗಿ ಬಿಕ್ಕಿ ಬಿಕ್ಕಿ ಅತ್ತಳು. "ಅಪ್ಪನೇ ಕಣೋ! ಆ ಕೆಮ್ಮೂ ಹಾಗೇ ಇದೆ!"

ಅಮ್ಮ ಗುಮಾಸ್ತನ ತೋಳು ಹಿಡಿದು ಅಡುಗೆಮನೆಗೆ ಎಳೆದರು.

"ಯಾರೋ ಅದು?"

"ಅಪ್ಪ..."

"ಸುಳ್ಳು ಹೇಳ್ಬೇಡ. ಎರಡು ವರ್ಷದ ಹಿಂದೆ ಒಬ್ಳೇ ಕೇಳೋಣ ಅಂತ ಕೂತು, ಯಾವುದೋ ಗುಂಡಿ ಒತ್ಬಿಟ್ಟೆ. ಎಲ್ಲಾ ಅಳಿಸಿ ಹೋಯ್ತು. ನಿಮಗೆ ಹೇಳೋ ಧೈರ್ಯ ಬರ್ಲಿಲ್ಲ. ನಾನೇ ವೈರ್ ಕಿತ್ತಿಟ್ಟೆ."

ಗುಮಾಸ್ತ ಗೋಡೆಗೆ ಒರಗಿದ. ಹೊರಗೆ ತಂಗಿ ಮೂರನೇ ಸಲ ಕ್ಯಾಸೆಟ್ ಹಾಕಿದ್ದಳು. ಅಪ್ಪನ ನಿಜವಾದ ದನಿಯನ್ನು ನೆನೆಯಲು ನೋಡಿದ. ಕಿವಿಯೊಳಗೆ ಬರೀ ವೆಲ್ಡರನೇ ಕೆಮ್ಮಿದ.

"ಅಮ್ಮಾ, ಅಪ್ಪ ನಿಜಕ್ಕೂ ಹೇಗೆ ಮಾತಾಡ್ತಿದ್ರು?"

ಅಮ್ಮ ಬಾಯಿ ತೆರೆದರು. ಕಣ್ಣು ಮುಚ್ಚಿ ಹುಡುಕಿದರು.

"ಈಗ ನಂಗೂ ಇವನೇ ಕೇಳಿಸ್ತಿದಾನೆ ಕಣೋ."