ಹಳದಿ ದೀಪ ಮತ್ತು ಅಪ್ಪನ ಕಿವಿ

ದೀಪ ಆರಬಾರದು ಎಂದು ದೇವರಲ್ಲಿ ಬೇಡಿಕೊಳ್ಳುವ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ನಂದಾದೀಪದಲ್ಲಿ ಎಣ್ಣೆ ಕಡಿಮೆಯಾದರೆ ಅಮ್ಮ ಉಕ್ಕುವ ಹಾಲನ್ನೂ ಬಿಟ್ಟು ಓಡಿಬರುತ್ತಿದ್ದಳು. ಅಂಥವಳ ಮಗನಾದ ನಾನು ಹೋದ ದಸರಾ ಮುಗಿದ ಮೇಲೆ ಹತ್ತು ದಿನ, ‘ಇದೊಂದು ದೀಪ ಆರಿಸಿಬಿಡಪ್ಪ’ ಎಂದು ಅದೇ ದೇವರಿಗೆ ಕೈಮುಗಿದೆ. ದೀಪ ಇದ್ದದ್ದು ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ. ಹಳದಿ ಬಣ್ಣ, ಎಂಜಿನ್ನಿನ ಆಕಾರ. ನನ್ನ ಹೆಂಡತಿ ಸವಿತಾ ಅದನ್ನು ಬಗ್ಗಿ ನೋಡಿ, “ಕುಕ್ಕರ್ ಥರ ಇದೆಯಲ್ರೀ” ಎಂದಳು. ಕುಕ್ಕರಾದರೆ ಮೂರು ಸಲ ಕೂಗಿ ಸುಮ್ಮನಾಗುತ್ತದೆ. ಇದು ಕೂಗುವುದೂ ಇಲ್ಲ, ಆರುವುದೂ ಇಲ್ಲ.

ಹೊಸಕೋಟೆಯ ಮನೆಯಿಂದ ಪಿಲ್ಲಗುಂಪೆಯ ಕಾರ್ಖಾನೆಗೆ ಹೋಗಿಬರುವಾಗ ನಾನು ರಸ್ತೆಗಿಂತ ಆ ದೀಪವನ್ನು ನೋಡಿದ್ದೇ ಹೆಚ್ಚು. ಜೊತೆಯವರ ಸಲಹೆಗಳಿಗೇನೂ ಬರವಿರಲಿಲ್ಲ. “ಗುರು, ಮೇಲೊಂದು ಸ್ಟಿಕ್ಕರ್ ಅಂಟಿಸ್ಬಿಡು, ಕಾಣ್ದಿದ್ರೆ ಚಿಂತೆನೇ ಇರಲ್ಲ” ಎಂದ ಒಬ್ಬ. ನಾಚಿಕೆ ಬಿಟ್ಟು ಹೇಳುತ್ತೇನೆ, ಮಗಳ ಪುಸ್ತಕದಿಂದ ಒಂದು ಚಿಟ್ಟೆಯನ್ನು ಕಿತ್ತು ಅಂಟಿಸಿಯೂ ನೋಡಿದೆ. ಹಿಂದಿನಿಂದ ಬೆಳಕು ಬಿದ್ದು ಚಿಟ್ಟೆ ಇನ್ನೂ ಚೆನ್ನಾಗಿ ಹೊಳೆಯಿತು.

ಕೊನೆಗೆ ಪೇಟೆಯ ಮೆಕ್ಯಾನಿಕ್ ನಯಾಜನ ಬಳಿ ಹೋದೆ. ಅವನು ಮೊಬೈಲಿನಂಥ ಸ್ಕ್ಯಾನರ್ ಒಂದನ್ನು ಕಾರಿಗೆ ಚುಚ್ಚಿ, “ಮೂರನೇ ಸಿಲಿಂಡರ್ ಮಿಸ್ ಹೊಡೀತಾ ಇದೆ ಸಾರ್. ಎಂಜಿನ್‌ಗೆ ನೀರು ಗೀರು ಬಿಟ್ರಾ?” ಎಂದ. ವೈದ್ಯರಿಗೆ, ವಕೀಲರಿಗೆ ಸುಳ್ಳು ಹೇಳಬಾರದು ಎನ್ನುತ್ತಾರೆ; ಮೆಕ್ಯಾನಿಕ್ಕಿಗೆ ಹೇಳಬಾರದು ಎಂದು ಯಾರೂ ಹೇಳಿರಲಿಲ್ಲ. “ಛೆ, ಇಲ್ಲಪ್ಪ” ಎಂದೆ. ಅವನು ನನ್ನನ್ನು ನಂಬಿ, ಸ್ಕ್ಯಾನರಿನಲ್ಲೇ ದೀಪವನ್ನು ಅಳಿಸಿ ಕಳಿಸಿದ. ಮನೆಯ ತಿರುವಿಗೆ ಬರುವಷ್ಟರಲ್ಲಿ ಅದು ಮತ್ತೆ ಹತ್ತಿತ್ತು.

ಇಷ್ಟೆಲ್ಲ ಆಗುವಾಗ ನಾನು ಒಂದು ಮಾತೂ ಕೇಳದೆ ಬಿಟ್ಟದ್ದು ಅಪ್ಪನನ್ನು. ಅಪ್ಪ ಅನುಗೊಂಡನಹಳ್ಳಿಯಲ್ಲಿ ಬೇಸಾಯದ ಜೊತೆಗೆ ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು. ಜಡಿಗೇನಹಳ್ಳಿ ಕಡೆಯಿಂದ ಬರುವ ಯಾರದೋ ಟ್ರ್ಯಾಕ್ಟರಿನ ಸದ್ದು ಕೇಳಿ, ಮಜ್ಜಿಗೆ ಕುಡಿಯುತ್ತಲೇ, “ಅದ್ರ ಡೀಸೆಲ್ ಪೈಪಲ್ಲಿ ಗಾಳಿ ಸೇರ್ಕೊಂಡೈತೆ” ಎನ್ನುತ್ತಿದ್ದ. ಸುತ್ತಿನ ಊರಿನವರು ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನನಗೆ ಆಗ ಅಪ್ಪನೆಂದರೆ ತಹಸೀಲ್ದಾರರಿಗಿಂತ ದೊಡ್ಡವನು. ಈಗ ಹೊಸಕೋಟೆಯಲ್ಲಿ ನಮ್ಮ ಜೊತೆಗಿದ್ದಾನೆ; ಆ ಕಿವಿ ಮಂದವಾಗಿದೆ. ಅವನಿಗೆ ಕೇಳಿಸುವುದಿಲ್ಲವೆಂದು ನಾವು ಯಾರೂ ಅವನನ್ನು ಏನೂ ಕೇಳುವುದಿಲ್ಲ. ಗ್ಯಾರೇಜಿಗೆ ಹೋಗಿಬಂದ ರಾತ್ರಿ ಅಪ್ಪ ಅರ್ಧ ಮುದ್ದೆಗೇ ಎದ್ದ. “ಮನೇಲಿ ನಾನೊಬ್ಬ ಇದ್ದೀನಿ ಕಣೋ” ಎಂದ, ಅಷ್ಟೆ.

ಮರುದಿನ ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಅಪ್ಪ ನಯಾಜನಿಂದ ಉದ್ದನೆಯ ಸ್ಕ್ರೂಡ್ರೈವರ್ ಕೇಳಿ ಪಡೆದ. ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿದ. ಅವನ ಹಳೆಯ ಪದ್ಧತಿಯೇ ಅದು. ನಯಾಜ್ ತನ್ನ ಸ್ಕ್ಯಾನರನ್ನು ಸದ್ದಿಲ್ಲದೆ ಬಟ್ಟೆಯ ಕೆಳಗಿಟ್ಟ. ಬಹಳ ಹೊತ್ತಾಯಿತು. ಅಪ್ಪನ ಮುಖದಲ್ಲಿ ಏನೂ ಮೂಡಲಿಲ್ಲ. ಆಮೇಲೆ ಹಿಡಿಯನ್ನು ನನ್ನ ಕಡೆ ಚಾಚಿ, “ನಿನ್ ಕಿವಿ ಎಳೇದು. ಕೇಳಿ ಹೇಳು” ಎಂದ. ನಾನು ಒಂದೊಂದೇ ಸಿಲಿಂಡರಿಗೆ ಒತ್ತಿ ಕೇಳುವಂತೆ ನಟಿಸಿ, “ಮೂರನೇದು ಅಪ್ಪ” ಎಂದೆ. “ಕರೆಕ್ಟ್!” ಎಂದ ನಯಾಜ್, ಆಗಷ್ಟೇ ತಿಳಿದವನಂತೆ. ಅಪ್ಪನ ಮುಖ ಅರಳಿತು.

ನಯಾಜ್ ಎಂಜಿನ್ ನಿಲ್ಲಿಸಿ ಮೂರನೆಯದಕ್ಕೆ ಕಿಡಿ ಕೊಡುವ ಕಾಯಿಲನ್ನು ಹೊರಗೆಳೆದರೆ, ಕೆಳಗಿನ ಗುಂಡಿಯಲ್ಲಿ ನೀರು ನಿಂತಿತ್ತು. ಬರೀ ನೀರಲ್ಲ, ಕುಂಕುಮದ ಕೆಂಪು ನೀರು. ಇನ್ನು ಮುಚ್ಚಿಡುವಂತಿರಲಿಲ್ಲ. ಆಯುಧಪೂಜೆಯ ದಿನ ಬಾನೆಟ್ ಎತ್ತಿ, ಬೋರ್‌ವೆಲ್ ಪೈಪನ್ನು ನೇರ ಎಂಜಿನ್ನಿಗೇ ಬಿಟ್ಟು ತೊಳೆದು, ಒದ್ದೆ ಎಂಜಿನ್ನಿನ ಮೇಲೆಯೇ ವಿಭೂತಿ ಬಳಿದು ಕುಂಕುಮ ಸುರಿದಿದ್ದೆ. ದುಡಿಯುವುದು ಎಂಜಿನ್ನು, ಬಾನೆಟ್ಟಿಗೆ ಬೊಟ್ಟಿಟ್ಟರೆ ಏನು ಬಂತು ಎನ್ನುವುದು ಅಪ್ಪನ ಟ್ರ್ಯಾಕ್ಟರ್ ಕಾಲದಿಂದ ನಮ್ಮ ಮನೆಯ ಶಾಸ್ತ್ರ. ಅಪ್ಪ ಆ ನೀರಿಗೆ ಬೆರಳದ್ದಿ, ಕೆಂಪಾದ ತುದಿಯನ್ನು ನೋಡಿ ನಕ್ಕುಬಿಟ್ಟ. “ಥೂ ನಿನ್ನ, ಟ್ರ್ಯಾಕ್ಟರ್ ತೊಳ್ದಂಗೆ ತೊಳ್ದಿದ್ಯಲ್ಲೋ!” ಗಾಳಿ ಹೊಡೆದು ಒಣಗಿಸಿದ್ದಾಯಿತು. ದೀಪ ಆರಿತು.

ದೀಪ ಆರಿದರೂ ನನ್ನ ಫಜೀತಿ ಆರಲಿಲ್ಲ. ಅಪ್ಪ ಈಗ ದಿನಾ ಬೆಳಿಗ್ಗೆ ನಯಾಜನ ಗ್ಯಾರೇಜಿಗೆ ಹೋಗಿ ಕೂರುತ್ತಾನೆ. ಸಿಕ್ಕವರಿಗೆಲ್ಲ ನನ್ನ ಕಿವಿಯ ಗುಣಗಾನ ಮಾಡುತ್ತಾನೆ. ಹೋದ ಭಾನುವಾರ ಹಾಲಿನ ವ್ಯಾನಿನ ಮುನಿರಾಜು ಗಾಡಿಯನ್ನು ನಮ್ಮ ಬಾಗಿಲಿಗೇ ತಂದ. “ಆತುರ ಬೇಡ ಕಣಪ್ಪ, ನಮ್ ಹುಡುಗ ಕೇಳಿ ಹೇಳ್ತಾನೆ” ಎಂದು ಅಪ್ಪ ಕುರ್ಚಿ ಹಾಕಿಸಿಕೊಂಡು ಕೂತ. ಐವತ್ತರ ಹತ್ತಿರದ ಹುಡುಗನಾದ ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡೆ. ಗಡಗಡ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಏನಾದರೂ ಹೇಳಲೇಬೇಕಲ್ಲ, “ಮೂರನೇದೇ ಅನುಮಾನ” ಎಂದೆ. ಅಪ್ಪ ಗಂಭೀರವಾಗಿ ತಲೆದೂಗಿದ.

ಮುನಿರಾಜು ಕಾಫಿ ಕುಡಿಯುತ್ತಿರುವಾಗ ನಾನು ಒಳಗೆ ಹೋಗಿ ನಯಾಜನಿಗೆ ಫೋನ್ ಮಾಡಿದೆ. “ಮುನಿರಾಜು ಬರ್ತಾನೆ. ಏನೇ ಇರ್ಲಿ, ಮೂರನೇ ಸಿಲಿಂಡರ್ ಅಂತ ಹೇಳ್ಬಿಡಪ್ಪ.”

“ಸಾರ್, ಆ ವ್ಯಾನಿಗೆ ಇರೋದೇ ಎರಡು ಸಿಲಿಂಡರ್” ಎಂದ ನಯಾಜ್. “ನಿಮ್ಮಪ್ಪಂಗೆ ಚೆನ್ನಾಗಿ ಗೊತ್ತಲ್ಲ. ಮೊನ್ನೆ ಅದನ್ನ ಬಿಚ್ಚಿದಾಗ ಪಕ್ಕದಲ್ಲೇ ಕೂತಿದ್ರು.”

ಫೋನ್ ಇಟ್ಟು ಕಿಟಕಿಯಿಂದ ನೋಡಿದೆ. ಅಪ್ಪ ಮುನಿರಾಜುವಿನ ಕಡೆ ಬಾಗಿ ಹೇಳುತ್ತಿದ್ದ: “ನಮ್ ಹುಡುಗನ ಕಿವಿ ಬಲು ಸೂಕ್ಷ್ಮ ಕಣಪ್ಪ. ನಂಗಿಂತ ಒಂದು ಕೈ ಮೇಲು.”