ಕೆರೆ ಸುತ್ತುವಾಗ ಹೋದ ಮಾನ

ಮಾನ ಕಳೆದುಕೊಳ್ಳುವುದಕ್ಕೆ ಕೆಲವರು ಕೋರ್ಟಿಗೆ ಹೋಗಬೇಕು, ಕೆಲವರು ಚುನಾವಣೆಗೆ ನಿಲ್ಲಬೇಕು. ನನಗೆ ಅಷ್ಟೆಲ್ಲ ಕಷ್ಟವಿಲ್ಲ. ಸಂಜೆ ವಾಕಿಂಗಿಗೆ ಹೋದರೆ ಸಾಕು.

ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ನನ್ನದಲ್ಲ. ಶೋಳಿಂಗನಲ್ಲೂರ್ ಸಿಗ್ನಲ್ಲಿನ ಹತ್ತಿರ ಒಂದು ಲಾರಿ ನನ್ನ ಸ್ಕೂಟರನ್ನು ತಳ್ಳಿಕೊಂಡು ಹೋದ ಮೇಲೆ ಅಲ್ಲಿಗೆ ಕೃತಕ ಕಾಲು ಬಂತು. ಪ್ಯಾಂಟು, ಶೂ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಡಿಗೆ ಸ್ವಲ್ಪ ನಿಧಾನ, ಅಷ್ಟೆ. ನಾನು ಅಡ್ಯಾರಿನ ಒಂದು ವೆಜಿಟೇರಿಯನ್ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವವನು. ಗಲ್ಲಾದವನ ಕೈ ನೋಡುತ್ತಾರೆಯೇ ಹೊರತು ಕಾಲು ಯಾರು ನೋಡುತ್ತಾರೆ? ದಿನಾ ಕಾಫಿಗೆ ಬರುವವರಿಗೂ ಗೊತ್ತಿಲ್ಲ. ಗೊತ್ತಾಗುವುದು ನನಗೆ ಬೇಕಾಗಿಯೂ ಇರಲಿಲ್ಲ. ಕಾಲು ಹೋದ ದುಃಖ ಬರಬರುತ್ತಾ ಕಡಿಮೆಯಾಯಿತು. ಅದನ್ನು ಬಾಯಿ ಬಿಟ್ಟು ಹೇಳುವ ನಾಚಿಕೆ ಮಾತ್ರ ಹಾಗೇ ಉಳಿಯಿತು.

ನಾವಿರುವುದು ತಮಿಳರ ಊರಿನಲ್ಲಿ, ಹಾಗಾಗಿ ಕೆಳಗಿನ ಮಾತುಕತೆಯೆಲ್ಲ ನಡೆದದ್ದು ತಮಿಳಿನಲ್ಲಿ. ನನ್ನ ಹೆಂಡತಿ ನನಗೆ ಬೈದದ್ದು ಮಾತ್ರ ಅಪ್ಪಟ ಉಡುಪಿ ಕಡೆಯ ಕನ್ನಡದಲ್ಲಿ.

ಯಾರಿಗೆ ಸಾರ್?

ದಿನಾ ನಡೆಯಲೇಬೇಕು ಅಂತ ಡಾಕ್ಟರು ಹೇಳಿದ್ದರು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಕೆರೆ, ಅದರ ಸುತ್ತ ನುಣುಪಾದ ವಾಕಿಂಗ್ ಟ್ರ್ಯಾಕು. ಗೇಟಿನ ಪಕ್ಕದಲ್ಲೇ ನೆಲದ ಮೇಲೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಪಾರ್ಕಿಂಗ್ ಜಾಗ. ಬೇರೆ ಕಡೆ ಕಾರು ನಿಲ್ಲಿಸಿದರೆ ಒಡೆದ ಫುಟ್‌ಪಾತಿನ ಮೇಲೆ ಬರಬೇಕು. ನನ್ನ ಕಾಲಿಗೆ ಎಷ್ಟು ದೂರವಾದರೂ ಸರಿ, ಒಡೆದ ಕಲ್ಲು ಮಾತ್ರ ಆಗದು.

"ಇಲ್ಲೇ ನಿಲ್ಲಿಸಿ ಮಾರಾಯ್ರೆ, ಜಾಗ ಉಂಟಲ್ಲ" ಅಂದಳು ಹೆಂಡತಿ.

"ಅದು ಅಂಗವಿಕಲರಿಗೆ."

"ಮತ್ತೆ ನೀವೆಂತ, ಓಟಗಾರರಾ?"

ನಿಲ್ಲಿಸಿದೆ. ನಿಲ್ಲಿಸಿದ್ದೇ ತಡ, ಗಾರ್ಡು ಸೀಟಿ ಊದುತ್ತಾ ಓಡಿಬಂದ. "ಸಾರ್, ಇದು ಮಾಟ್ರುತ್ತಿರನಾಳಿಗಳ ಜಾಗ!" ಅಂಗವಿಕಲರನ್ನು ತಮಿಳಿನಲ್ಲಿ ಈಗ ಮರ್ಯಾದೆಯಿಂದ ಕರೆಯುವುದು ಹೀಗೆ. ಅಷ್ಟು ಮರ್ಯಾದೆಯ ಮಾತಿಗೆ ಉತ್ತರ ಕೊಡಬೇಕಲ್ಲ? ಬಾಯಿ ತೆರೆದೆ. ಪಕ್ಕದಲ್ಲಿ ಇಬ್ಬರು ಹುಡುಗಿಯರು ಶೂ ಲೇಸು ಕಟ್ಟಿಕೊಳ್ಳುತ್ತಾ ನಮ್ಮನ್ನೇ ನೋಡುತ್ತಿದ್ದರು.

"ಕಾರಿನಲ್ಲಿ ಯಾರಿಗೆ ಸಾರ್ ತೊಂದರೆ?"

ನನ್ನ ಕೈ ತಾನಾಗಿ ಎದ್ದು ಹೆಂಡತಿಯ ಕಡೆ ತೋರಿಸಿತು.

ಅವಳು ನನ್ನ ಮುಖ ನೋಡಿದಳು. ಆ ನೋಟದಲ್ಲಿ ನಮ್ಮ ಇಡೀ ದಾಂಪತ್ಯದ ವಿಮರ್ಶೆ ಇತ್ತು. ಆಮೇಲೆ ಬಾಗಿಲು ತೆರೆದು ಇಳಿದು, ಒಂದು ಹೆಜ್ಜೆ ಇಟ್ಟು, ಕುಂಟಿದಳು. ಗಾರ್ಡು ಓಡಿಬಂದು "ನಿಧಾನ ಅಮ್ಮಾ, ನಿಧಾನ" ಅಂತ ಗೇಟಿನವರೆಗೆ ಜೊತೆಗೆ ನಡೆದ. ನಾನು ಕಾರಿಗೆ ಬೀಗ ಹಾಕಿ, ಎದೆ ಸೆಟೆಸಿಕೊಂಡು ಹಿಂದೆ ಹೋದೆ.

ಗಾರ್ಡು ಕಣ್ಣಿಗೆ ಮರೆಯಾಗುವ ತನಕ ಪಾಪ ಕುಂಟುತ್ತಲೇ ಹೋದಳು. ಸುತ್ತು ಮುಗಿಸಿ ಬರುವಾಗ ಮಾತ್ರ ಮರೆತುಬಿಟ್ಟಳು. ಕೈ ಬೀಸಿಕೊಂಡು ನನಗಿಂತ ಎಷ್ಟೋ ಮುಂದೆ, ಸರಸರ ಅಂತ ಗೇಟು ದಾಟಿದಳು. ಗಾರ್ಡು ಬಾಯಿ ತೆರೆದುಕೊಂಡು ನಿಂತ. ಆಮೇಲೆ ನನ್ನ ಹತ್ತಿರ ಬಂದು ಭಕ್ತಿಯಿಂದ ಅಂದ: "ಒಂದೇ ಸುತ್ತಿಗೆ ಅಮ್ಮನಿಗೆ ವಾಸಿಯಾಯಿತಲ್ಲ ಸಾರ್! ನಮ್ಮ ಟ್ರ್ಯಾಕು ಅಂಥಾದ್ದು."

ಕಾರು ಮನೆ ಹತ್ತಿರ ಬಂದಾಗ ಅವಳು ಹೇಳಿದಳು: "ನಾಳೆಯಿಂದ ನಿಮ್ಮ ಕಾಲಿಗೆ ನೀವೇ ಕುಂಟಿ. ನನ್ನಿಂದ ಆಗುದಿಲ್ಲ."

ಸೆಲ್ಯೂಟು

ಮರುದಿನ ಗಾರ್ಡಿನ ಕಿವಿಯಲ್ಲಿ ನಿಜ ಹೇಳಿದೆ. ಯಾರಿಗೂ ಹೇಳಬೇಡಪ್ಪ ಅಂತ ಕೈಮುಗಿದೆ. ಒಳ್ಳೆಯವನು, ಯಾರಿಗೂ ಹೇಳಲಿಲ್ಲ. ಆದರೆ ನನ್ನ ಕಾರು ಕಂಡ ಕೂಡಲೇ ಎದ್ದು ನಿಂತು, ಬೂಟು ಕುಟ್ಟಿ ಸೆಲ್ಯೂಟ್ ಹೊಡೆಯಲು ಶುರುಮಾಡಿದ. ವಾರದೊಳಗೆ ವಾಕಿಂಗಿಗೆ ಬರುವವರೆಲ್ಲ ನನ್ನನ್ನು ನಿವೃತ್ತ ಪೊಲೀಸ್ ಅಧಿಕಾರಿ ಮಾಡಿಬಿಟ್ಟರು. ಒಬ್ಬರು ತಮ್ಮ ಬೈಕು ಕಳವಾದ ದೂರು ಕೂಡ ಹೇಳಿಕೊಂಡರು. ನಾನು "ನೋಡೋಣ" ಅಂದೆ.

ಹೊತ್ತುಕೊಂಡು ಹೋದದ್ದು

ಟ್ರ್ಯಾಕಿನ ಒಳಗೆ ಬೈಕು ನುಗ್ಗದಿರಲಿ ಅಂತ ಗೇಟಿನಲ್ಲಿ ಅಡ್ಡಾದಿಡ್ಡಿ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಬೈಕುಗಳು ಹೇಗೋ ನುಗ್ಗುತ್ತವೆ. ಗಾಲಿಕುರ್ಚಿ ಮಾತ್ರ ಹೋಗುವುದಿಲ್ಲ. ಗಾಲಿಕುರ್ಚಿಗೆ ಪಕ್ಕದಲ್ಲೇ ಅಗಲವಾದ ಇನ್ನೊಂದು ಗೇಟಿದೆ. ಅದಕ್ಕೆ ಸದಾ ಬೀಗ.

ಒಂದು ಸಂಜೆ ಬೀಗ ಹಾಕಿದ ಆ ಗೇಟಿನ ಹೊರಗೆ ಒಬ್ಬ ಹೆಂಗಸು ಗಾಲಿಕುರ್ಚಿಯಲ್ಲಿ ಕೂತಿದ್ದರು. ನನಗೆ ಅಯ್ಯೋ ಪಾಪ ಅನ್ನಿಸಿತು. ಅದರ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಒಂದು ಥರಾ ಹುಮ್ಮಸ್ಸೂ ಬಂತು. ಯಾವಾಗಲೂ ಸಹಾಯ ಮಾಡಿಸಿಕೊಳ್ಳುವವನಿಗೆ ಸಹಾಯ ಮಾಡುವ ಅವಕಾಶ! "ಸ್ವಲ್ಪ ಇರಿ ಅಮ್ಮಾ, ನಾನಿದ್ದೇನೆ" ಅಂದೆ. ಅವರು ಏನೋ ಹೇಳಲು ಬಂದರು. "ಏನೂ ಹೇಳಬೇಡಿ, ನನಗೆ ಅರ್ಥವಾಗುತ್ತದೆ" ಅಂತ ತಡೆದೆ.

ಬೀಗದ ಕೈ ತೋಟದ ಮಾಲಿಯ ಹತ್ತಿರವಂತೆ. ಮಾಲಿಯ ಶೆಡ್ಡು ಕೆರೆಯ ಆ ದಡದಲ್ಲಂತೆ. ಹೊರಟೆ. ದಾರಿಯಲ್ಲಿ ಸಿಕ್ಕ ನಾಲ್ಕು ಗಟ್ಟಿಮುಟ್ಟು ಗಂಡಸರಿಗೆ ಹೇಳಿದೆ: "ಪಾಪ, ಒಬ್ಬರು ಒಳಗೆ ಬರಲಾಗದೆ ಹೊರಗೇ ಕೂತಿದ್ದಾರೆ." ಕಾಲು ಉಜ್ಜಿ ಉರಿಯುತ್ತಿದ್ದರೂ ಬಿಡದೆ ನಡೆದು ಕೀ ತಂದು ನೋಡುತ್ತೇನೆ, ಆ ಹೆಂಗಸು ಟ್ರ್ಯಾಕಿನ ಒಳಗಿದ್ದಾರೆ! ಆ ನಾಲ್ವರು ಕುರ್ಚಿಸಮೇತ ಎತ್ತಿ ಕಂಬಗಳ ಮೇಲಿಂದ ದಾಟಿಸಿ, ಬೆವರು ಒರೆಸಿಕೊಂಡು ನಗುತ್ತಾ ನಿಂತಿದ್ದಾರೆ. ಹೆಂಗಸಿನ ಮುಖ ಮಾತ್ರ ಕೆಂಪಗಾಗಿತ್ತು.

"ನಾನು ಎದುರಿನ ಅಪಾರ್ಟ್‌ಮೆಂಟಿನವಳು" ಅಂದರು. "ಎಳನೀರು ಕುಡಿಯಲು ಬಂದಿದ್ದೆ. ಗಾಡಿಯವನು ಕೊಚ್ಚಿ ಕೈಗೆ ಕೊಡುವಷ್ಟರಲ್ಲಿ ಇವರು ಬಂದು ಎತ್ತಿಬಿಟ್ಟರು. ಎಲ್ಲಿಗೆ ಹೋಗಬೇಕು ಅಂತ ಒಬ್ಬರಾದರೂ ಕೇಳಿದಿರಾ? ಗಣಪತಿಯನ್ನು ಕೆರೆಗೆ ಬಿಡುವ ಹಾಗೆ ಹೊತ್ತುಕೊಂಡು ಬಂದಿರಲ್ಲ!"

ನಾಲ್ವರೂ ನನ್ನ ಕಡೆ ನೋಡಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕೇಳದೆ ತೋಳು ಹಿಡಿಯುವವರನ್ನು, ಕೇಳದೆ ಎಬ್ಬಿಸುವವರನ್ನು ಆಸ್ಪತ್ರೆಯ ದಿನಗಳಿಂದ ಮನಸ್ಸಿನಲ್ಲೇ ಬೈದುಕೊಂಡವನು ನಾನು. ಬಾಯಿಬಿಟ್ಟು ಹೇಳಲು ಬಂದವರನ್ನೂ ತಡೆದಿದ್ದೆ. "ತಪ್ಪಾಯ್ತಮ್ಮ, ನಾನು ಕೇಳಬೇಕಿತ್ತು" ಅಂತ ಹೇಳಿ ಗೇಟಿನ ಬೀಗ ತೆಗೆದೆ.

ಅವರು ಹೊರಗೆ ಹೋಗುವಾಗ ಒಮ್ಮೆ ತಿರುಗಿ ನೋಡಿದರು. "ಕೆರೆ ಚೆನ್ನಾಗಿದೆ. ಕೀ ಇಲ್ಲೇ ಗಾರ್ಡಿನ ಹತ್ತಿರ ಇರಲಿ. ಬೇಕಾದಾಗ ನಾನೇ ಬರುತ್ತೇನೆ." ಆಮೇಲೆ ನಾಲ್ವರ ಕಡೆ ತಿರುಗಿ ಕೇಳಿದರು: "ಎಳನೀರಿನ ದುಡ್ಡು ನಾನಿನ್ನೂ ಕೊಟ್ಟಿಲ್ಲ. ನನ್ನನ್ನು ಅಪಹರಿಸಿದವರು ಯಾರಾದರೂ ಕೊಡುತ್ತೀರಾ?"

ಐದೇ ನಿಮಿಷ

ಒಂದು ದಿನ ನೀಲಿ ಚಿತ್ರದ ಮೇಲೆ ದೊಡ್ಡದೊಂದು ಕಾರು ನಿಂತಿತ್ತು. ಅದರಿಂದ ಇಳಿದವನು ಕುದುರೆಯಂಥ ಯುವಕ.

"ಐದೇ ನಿಮಿಷ ಅಂಕಲ್" ಅಂದ.

ಅವತ್ತು ಕಾರು ಬೇರೆ ಕಡೆ ನಿಲ್ಲಿಸಿ ಫುಟ್‌ಪಾತಿನ ಕಲ್ಲಿಗೆ ಎಡವಿ ಬಂದಿದ್ದೆ. ನನಗೆ ಎಲ್ಲಿಂದ ಸಿಟ್ಟು ಬಂತೋ, ಎಲ್ಲರೆದುರು ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದೆ. ಜೀವನದಲ್ಲೇ ಮೊದಲ ಸಲ. ಹುಡುಗನ ಮುಖ ಬಿಳುಚಿಕೊಂಡಿತು. ಕಾರು ತೆಗೆದ, ಹತ್ತಾರು ಸಲ ಸಾರಿ ಕೇಳಿದ. ನನಗೆ ಯುದ್ಧ ಗೆದ್ದ ಹಾಗಾಯಿತು.

ಗೆದ್ದದ್ದು ಒಂದೇ ಸಂಜೆ. ಮರುದಿನದಿಂದ ಅವನ ಪಶ್ಚಾತ್ತಾಪ ಶುರುವಾಯಿತು. ಗೇಟಿನಲ್ಲಿ ಕಾದಿದ್ದು ನನ್ನ ಕಾರಿನ ಬಾಗಿಲು ತೆರೆಯುತ್ತಿದ್ದ. ನನ್ನ ನೀರಿನ ಬಾಟಲಿ ಹಿಡಿದುಕೊಂಡು ಮುಂದೆ ಮುಂದೆ ಓಡುತ್ತಾ "ದಾರಿ ಬಿಡಿ, ಸಾರ್‌ಗೆ ಕಾಲಿಲ್ಲ!" ಅಂತ ಕೂಗುತ್ತಿದ್ದ. ಇಷ್ಟು ಕಾಲ ಮುಚ್ಚಿಟ್ಟದ್ದು ಒಂದು ಸುತ್ತಿನಲ್ಲಿ ಊರಿಗೆಲ್ಲ ಗೊತ್ತಾಯಿತು. ಬೈಕು ಕಳೆದುಕೊಂಡವರು ಬಂದು, "ಕಳ್ಳರನ್ನು ಹಿಡಿಯುವಾಗ ಹೋಯಿತಾ ಸಾರ್?" ಅಂತ ಕಣ್ಣೀರು ಹಾಕಿದರು.

ಹೆಂಡತಿ ನಿಟ್ಟುಸಿರು ಬಿಟ್ಟಳು: "ಆ ಹುಡುಗ ಕಾರು ಅಲ್ಲೇ ನಿಲ್ಲಿಸಿದ್ರೆ ಇಷ್ಟು ಉಪದ್ರ ಇರ್ಲಿಲ್ಲ ಮಾರಾಯ್ರೆ."

ಸನ್ಮಾನ

ಆ ಹುಡುಗನೇ ವಾಕಿಂಗ್ ಸಂಘದವರ ತಲೆ ತಿಂದು ನನಗೊಂದು ಸನ್ಮಾನ ಇಡಿಸಿದ. ಬೇಡ ಬೇಡ ಅಂದರೂ ಕೇಳಲಿಲ್ಲ. ಗೇಟಿನ ಪಕ್ಕ ವೇದಿಕೆ, ಮೇಲೆ "ಎಲ್ಲರಿಗೂ ಸುಗಮ ದಾರಿ" ಅಂತ ಬ್ಯಾನರು. ವೇದಿಕೆಗೆ ಹತ್ತಲು ಮಾತ್ರ ಹಿಡಿಕೆಯಿಲ್ಲದ, ಅಲ್ಲಾಡುವ ಮರದ ಮೆಟ್ಟಿಲು. ಮುಂದಿನಿಂದ ಒಬ್ಬರು ಎಳೆದು, ಹಿಂದಿನಿಂದ ಇಬ್ಬರು ತಳ್ಳಿ, ಅಂತೂ ನನ್ನನ್ನು ಮೇಲೆ ಏರಿಸಿದರು. ಮುಖ್ಯ ಅತಿಥಿಗಳು ಏರಿಯಾದ ದೊಡ್ಡ ಮನುಷ್ಯರು, ದಪ್ಪ ಮೀಸೆ, ಅದಕ್ಕಿಂತ ದಪ್ಪ ಧ್ವನಿ. ನನಗೆ ಶಾಲು ಹೊದೆಸಿ, ಮೈಕು ಹಿಡಿದು, ವಿಜ್ಞಾನದ ಸಾಧನೆಯ ಬಗ್ಗೆ ಭಾಷಣ ಶುರುಮಾಡಿದರು.

"ಇವರ ಕೃತಕ ಕಾಲು ನೋಡಿ!" ಅನ್ನುತ್ತಾ ಬಗ್ಗಿ, ನನ್ನ ಬಲಗಾಲಿನ ಪ್ಯಾಂಟು ಮೇಲೆತ್ತಿದರು. ನನ್ನ ಸ್ವಂತ ಬಲಗಾಲು. "ಏನು ಬಣ್ಣ! ಏನು ಮೃದು! ಕೂದಲು ಕೂಡ ನೆಟ್ಟಿದ್ದಾರೆ!"

ಹೇಳಬೇಕು ಅಂದುಕೊಂಡೆ. ಅಷ್ಟು ಜನರೆದುರು ಅಂಥ ಮನುಷ್ಯರಿಗೆ ತಪ್ಪು ಅಂತ ಹೇಗೆ ಹೇಳುವುದು? ನಾಚಿಕೆಯಿಂದ ಸುಮ್ಮನೆ ಹಲ್ಲು ಕಿರಿದೆ. ಅವರು ಮೀನಖಂಡ ಹಿಡಿದು ಜೋರಾಗಿ ಚಿವುಟಿದರು.

"ಅಮ್ಮಾ!" ಅಂದೆ.

"ಕೇಳಿದಿರಾ? ನೋವು ಕೂಡ ಗೊತ್ತಾಗುತ್ತದೆ!"

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಅತಿಥಿಗಳು ಇನ್ನೊಮ್ಮೆ ಚಿವುಟಲು ಬಗ್ಗಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಚರ್ಮವಾದರೂ ಉಳಿಯಲಿ ಅಂತ, ಎಡಗಾಲಿನ ಪ್ಯಾಂಟನ್ನು ಮೊಣಕಾಲಿನ ತನಕ ಎತ್ತಿದೆ. ಅವರ ಕೈಯಿಂದ ಮೈಕು ಇಸಿದುಕೊಂಡು ಕೃತಕ ಕಾಲಿಗೆ ಕುಟ್ಟಿದೆ. ಟಕ್, ಟಕ್, ಟಕ್. ಕೆರೆಯ ಆ ದಡದವರೆಗೂ ಕೇಳಿಸಿತು.

ಅತಿಥಿಗಳು ಎಡಗಾಲು ನೋಡಿದರು, ಬಲಗಾಲು ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಭುಜದ ಮೇಲೆ ಕೈಯಿಟ್ಟು ಕೇಳಿದರು:

"ಅಯ್ಯೋ... ಅದೂ ಹೋಯ್ತಾ ಸಾರ್?"